ತುಮಕೂರಿನ ಮೇಷ್ಟರ ಫ್ರೆಂಚ್ ತರಗತಿ: ಶುಲ್ಕ ಕೊಟ್ಟವಳ ಲೆಕ್ಕ

ಫ್ರಾನ್ಸಿಗೆ ಹೋಗಿ ಸಂಸಾರ ಹೂಡಬೇಕಾದವರು ತುಮಕೂರಿನಲ್ಲಿದ್ದುಕೊಂಡೇ ಫ್ರೆಂಚ್ ಕಲಿಯಬಹುದೇ? ಈ ಪ್ರಶ್ನೆ ಕೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ನನ್ನ ಓರಗಿತ್ತಿಯ ತಮ್ಮನಿಂದ ಹಿಡಿದು, ನಾನು ಕೆಲಸ ಬಿಟ್ಟು ಬಂದ ಸಹಕಾರಿ ಬ್ಯಾಂಕಿನ ಗುಮಾಸ್ತರವರೆಗೆ ಎಲ್ಲರಿಗೂ ಫೋನಿನಲ್ಲಿ ಒಂದೇ ಮಾತು ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಕಲಿಯಬಹುದು. ಬಿ.ಎಚ್. ರಸ್ತೆಯಲ್ಲಿ ಒಂದು ಜೆರಾಕ್ಸ್ ಅಂಗಡಿಯ ಮೇಲೆ, ಎರಡನೇ ಮಹಡಿಯಲ್ಲಿ, ಫಲಕವೂ ಇಲ್ಲದ ಕೋಣೆಯಲ್ಲಿ ಒಬ್ಬ ಹಿರಿಯರು ಕಲಿಸುತ್ತಾರೆ. ಶಿರಾ ಕಡೆಯವರು. ಗ್ರೆನೋಬ್ಲ್ ನಗರದ ಯಂತ್ರ ಕಾರ್ಖಾನೆಯೊಂದರ ಉಗ್ರಾಣದಲ್ಲಿ ದುಡಿದು ನಿವೃತ್ತರಾಗಿ ಊರಿಗೆ ಮರಳಿದವರು. ಕಾಲೇಜಿನಲ್ಲಿ ಎಂದೂ ಪಾಠ ಮಾಡಿದವರಲ್ಲ, ಆದರೂ ಎಲ್ಲರೂ ಅವರನ್ನು ಮೇಷ್ಟರು ಎಂದೇ ಕರೆಯುತ್ತಾರೆ. ಹೆಸರು ಹಾಕಿದರೆ ಜನ ಮುತ್ತಿಕೊಳ್ಳುತ್ತಾರೆ ಎಂಬ ಹೆದರಿಕೆ ಅವರದು. ಹಾಗಾಗಿ ಹೆಸರು ಬರೆದಿಲ್ಲ. ಜೆರಾಕ್ಸ್ ಅಂಗಡಿಯ ಹುಡುಗನನ್ನು ಕೇಳಿದರೆ ತೋರಿಸುತ್ತಾನೆ.

ನಾನು ಲೆಕ್ಕಪತ್ರದವಳು. ಕೊಟ್ಟ ದುಡ್ಡಿಗೆ ಏನು ಬಂತು ಎಂದು ನೋಡದೆ ಬಿಡುವವಳಲ್ಲ. ನನ್ನ ಯಜಮಾನರನ್ನು ಅವರ ಕಂಪನಿ ಬೆಂಗಳೂರಿನಿಂದ ತುಲೂಸ್‌ಗೆ ಕಳಿಸಿತು. ತುಲೂಸ್ ಎಂದರೆ ಏರ್‌ಬಸ್ಸಿನ ಊರು, ವಿಮಾನದ ಬಿಡಿಭಾಗ ಮಾಡುವ ಕಂಪನಿಗಳು ಅದರ ಸುತ್ತ ನೆರೆದಿವೆ. ಅವರಿಗೆ ‘ತಾಲಾಂ’ (ಪ್ರತಿಭೆ) ಎಂಬ, ನುರಿತ ಕೆಲಸಗಾರರಿಗೆ ಕೊಡುವ ವರ್ಗದ ವಾಸದ ಪರವಾನಗಿ, ನನಗೆ ಅದೇ ವರ್ಗದ ಕುಟುಂಬ ಪರವಾನಗಿ. ಈ ಕುಟುಂಬ ಪರವಾನಗಿಯಲ್ಲಿ ಗಂಡನಿಗಾಗಲಿ ಹೆಂಡತಿಗಾಗಲಿ ಅಲ್ಲಿ ಕೆಲಸ ಮಾಡುವ ಹಕ್ಕು ಇದೆ. ನಮ್ಮ ಕಡೆಯ ಎಷ್ಟೋ ಹೆಣ್ಣುಮಕ್ಕಳಿಗೆ ಇದು ಗೊತ್ತಿಲ್ಲ, ಗೊತ್ತಿರುವ ಗಂಡಂದಿರು ಹೇಳುವುದೂ ಇಲ್ಲ. ಯಜಮಾನರ ಕಚೇರಿಯಲ್ಲಿ ಇಂಗ್ಲಿಷ್ ನಡೆಯುತ್ತದೆ. ಮನೆ, ಶಾಲೆ, ವೈದ್ಯರು, ವಿದ್ಯುತ್ ಬಿಲ್ಲು ನನ್ನ ಪಾಲಿನವು. ಅವೆಲ್ಲ ನಡೆಯುವುದು ಫ್ರೆಂಚಿನಲ್ಲಿ.

ಮೇಷ್ಟರ ಬಳಿ ಹೋಗುವ ಮೊದಲು ಎರಡು ಕಡೆ ವಿಚಾರಿಸಿದ್ದೆ. ಬೆಂಗಳೂರಿನ ಆಲಿಯಾನ್ಸ್ ಫ್ರಾನ್ಸೇಸ್ ಹೆಸರಾಂತ ಸಂಸ್ಥೆ, ಅಲ್ಲಿ ಕ್ರಮಬದ್ಧ ಪಾಠವೂ ಇದೆ, ಪರೀಕ್ಷೆಯೂ ಇದೆ. ಆದರೆ ಶಾಲೆಗೆ ಹೋಗುವ ಮಗನನ್ನು ಇಟ್ಟುಕೊಂಡು ಎಪ್ಪತ್ತು ಕಿಲೋಮೀಟರು ರೈಲಿನಲ್ಲಿ ಹೋಗಿ ಬರುವುದು ನನ್ನಿಂದಾಗದ ಮಾತು. ಇನ್ನೊಂದು ನಮ್ಮ ಊರಿನದೇ, ಗಾಜಿನ ಬಾಗಿಲು, ಹವಾನಿಯಂತ್ರಣ, ಗೋಡೆಯ ತುಂಬ ಐಫೆಲ್ ಗೋಪುರ. ಅಲ್ಲಿ ಮಾದರಿ ಪಾಠ ಎಂದು ಹೋಟೆಲಿನಲ್ಲಿ ಕಾಫಿ ಕೇಳುವುದನ್ನು ಕಲಿಸಿದರು. ಮರುಕ್ಷಣ ಪೂರ್ತಿ ಶುಲ್ಕ ಮುಂಗಡವಾಗಿ ಕಟ್ಟಿ, ವೀಸಾ ನಮ್ಮ ಜವಾಬ್ದಾರಿ ಎಂದರು. ವೀಸಾ ಕೊಡುವುದು ಫ್ರೆಂಚ್ ಸರ್ಕಾರ, ನಿಮ್ಮ ಜವಾಬ್ದಾರಿ ಹೇಗಾಯಿತು ಎಂದು ಕೇಳಿದ್ದಕ್ಕೆ ಆ ಹುಡುಗಿ ಮ್ಯಾನೇಜರನ್ನು ಕರೆಯಲು ಒಳಗೆ ಹೋದಳು. ನಾನು ಮನೆಗೆ ಬಂದೆ.

ಮೇಷ್ಟರ ಕೋಣೆಯಲ್ಲಿ ಪಠ್ಯಪುಸ್ತಕವಿಲ್ಲ. ಒಂದು ಟ್ರಂಕು ಇದೆ. ತಗಡಿನ, ಹಸಿರು ಬಣ್ಣ ಹಚ್ಚಿದ, ಹಿಂದೆ ಮದುವೆಯಲ್ಲಿ ಹೆಣ್ಣಿನ ಜೊತೆ ಕಳಿಸುತ್ತಿದ್ದಂಥ ಟ್ರಂಕು. ಅದರ ತುಂಬ ಫ್ರಾನ್ಸಿನಲ್ಲಿದ್ದಷ್ಟು ಕಾಲ ಅವರಿಗೆ ಬಂದ ಪತ್ರಗಳು: ಮನೆ ಮಾಲೀಕನದು, ಬ್ಯಾಂಕಿನದು, ತೆರಿಗೆ ಇಲಾಖೆಯದು, ಮಗಳ ಶಾಲೆಯದು, ಆರೋಗ್ಯ ವಿಮೆಯದು. ಹೆಸರು ವಿಳಾಸಗಳ ಮೇಲೆ ಕಪ್ಪು ಶಾಯಿ ಬಳಿದಿದ್ದಾರೆ. ದಿನಕ್ಕೊಂದು ಪತ್ರ. ಕೆಳಗಿನ ಅಂಗಡಿಯಲ್ಲಿ ಪ್ರತಿ ಮಾಡಿಸಿ ಹಂಚುತ್ತಾರೆ, ಪ್ರತಿಯ ದುಡ್ಡು ನಮ್ಮದು. ಯಾವ ಪತ್ರ ಬಂದರೂ ಕೇಳುವ ಪ್ರಶ್ನೆ ನಾಲ್ಕೇ. ಯಾರು ಬರೆದಿದ್ದಾರೆ? ಏನು ಕೇಳುತ್ತಿದ್ದಾರೆ? ಯಾವ ತಾರೀಖಿನೊಳಗೆ? ಕೊಡದಿದ್ದರೆ ಏನು ಮಾಡುತ್ತಾರೆ? ನಡುವಿನ ವಿನಯದ ಸಾಲುಗಳನ್ನು ಅರ್ಥ ಮಾಡಿಕೊಳ್ಳಲು ಹೊರಟರೆ ಗದರುತ್ತಾರೆ. ಫ್ರೆಂಚ್ ಸರ್ಕಾರಿ ಪತ್ರದ ಕೊನೆಯಲ್ಲಿ ಎರಡು ಸಾಲಿನ ನಮಸ್ಕಾರ ಇರುತ್ತದೆ, ಅದನ್ನು ಓದುವುದು ದಂಡ, ತಾರೀಖು ಹುಡುಕಿ ಎನ್ನುತ್ತಾರೆ.

ಒಂದು ಪಾಠವನ್ನು ಹೇಳಲೇಬೇಕು. ಮನೆ ಖಾಲಿ ಮಾಡುವ ನೋಟಿಸಿನ ಪತ್ರ. ಫ್ರಾನ್ಸಿನಲ್ಲಿ ಪೀಠೋಪಕರಣವಿಲ್ಲದ ಮನೆಯ ಬಾಡಿಗೆ ಕರಾರು ಸಾಮಾನ್ಯವಾಗಿ ಮೂರು ವರ್ಷದ್ದು, ಬಾಡಿಗೆದಾರ ಬಿಡಬೇಕಾದರೆ ಮೂರು ತಿಂಗಳು ಮೊದಲು ತಿಳಿಸಬೇಕು. ಮನೆಗಳಿಗೆ ಅಭಾವವಿರುವ ನಗರಗಳಲ್ಲಿಯೂ ಪೀಠೋಪಕರಣವಿರುವ ಮನೆಗಳಿಗೂ ಒಂದೇ ತಿಂಗಳು ಸಾಕು. ತಿಳಿಸುವುದು ಸ್ವೀಕೃತಿ ಸಹಿತ ನೋಂದಾಯಿತ ಅಂಚೆಯಲ್ಲಿ. ಮೇಷ್ಟರು ಬೋರ್ಡಿನ ಮೇಲೆ ಬರೆದರು: ಪತ್ರ ಅಂಚೆಗೆ ಹಾಕಿದ್ದು 28ನೇ ತಾರೀಖು, ಮಾಲೀಕ ಸಹಿ ಹಾಕಿ ತೆಗೆದುಕೊಂಡದ್ದು ಮುಂದಿನ ತಿಂಗಳ 3ನೇ ತಾರೀಖು, ಬಾಡಿಗೆ ಎಲ್ಲಿಯವರೆಗೆ ಕೊಡಬೇಕು? ಅರ್ಧ ತರಗತಿ 28ರಿಂದ ಎಣಿಸಿತು. ಎಣಿಸಬೇಕಾದದ್ದು ಮಾಲೀಕನ ಕೈಗೆ ಪತ್ರ ಸೇರಿದ 3ರಿಂದ. ಆ ಐದಾರು ದಿನಗಳ ಬಾಡಿಗೆ ಯೂರೋದಲ್ಲಿ ಎಷ್ಟು, ರೂಪಾಯಿಯಲ್ಲಿ ಎಷ್ಟು ಎಂದೂ ಲೆಕ್ಕ ಹಾಕಿಸಿದರು. ಅಷ್ಟು ದುಡ್ಡು ಹೋಗುತ್ತದೆ ಎಂದು ಕಂಡ ಮೇಲೆ ಆ ಪಾಠದ ಕ್ರಿಯಾಪದಗಳನ್ನು ಯಾರೂ ಮರೆಯಲಿಲ್ಲ.

ಅದೇ ವಾರ ಮನೆಯ ಸ್ಥಿತಿಪತ್ರ ಬಂತು, ಫ್ರೆಂಚಿನಲ್ಲಿ ‘ಎತಾ ದೇ ಲ್ಯೂ’. ಮನೆಗೆ ಹೋಗುವ ದಿನ ಮಾಲೀಕನೂ ಬಾಡಿಗೆದಾರನೂ ಒಟ್ಟಿಗೆ ನಿಂತು ಕೋಣೆ ಕೋಣೆಯ ಗೋಡೆ, ನೆಲ, ನಲ್ಲಿ, ಸ್ವಿಚ್ಚುಗಳ ಸ್ಥಿತಿ ಬರೆದು ಸಹಿ ಹಾಕುವ ಕಾಗದ ಅದು. ಬಿಡುವ ದಿನ ಇನ್ನೊಮ್ಮೆ ಬರೆಯುತ್ತಾರೆ. ಎರಡೂ ತಾಳೆಯಾದರೆ ಠೇವಣಿ ಒಂದು ತಿಂಗಳಲ್ಲಿ ವಾಪಸು ಬರಬೇಕು, ತಾಳೆಯಾಗದಿದ್ದರೆ ಎರಡು ತಿಂಗಳು, ಅದೂ ರಿಪೇರಿ ಖರ್ಚು ಮುರಿದುಕೊಂಡು. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು, ಬಿಡುವಾಗ ಬಣ್ಣಕ್ಕೆಂದು ಮಾಲೀಕ ಮುರಿದುಕೊಂಡಷ್ಟನ್ನು ಕಣ್ಣುಮುಚ್ಚಿ ಬಿಟ್ಟು ಬಂದವರು ನಮ್ಮ ತರಗತಿಯಲ್ಲಿ ಹಲವರಿದ್ದರು. ಅಲ್ಲಿ ಖಾಲಿ ಮನೆಯ ಠೇವಣಿ ಒಂದು ತಿಂಗಳ ಬಾಡಿಗೆಯನ್ನು ಮೀರುವಂತಿಲ್ಲ ಎಂದು ಕೇಳಿ ಒಬ್ಬರು, ಹಾಗಾದರೆ ಅಲ್ಲಿನ ಮಾಲೀಕರು ಊಟಕ್ಕೇನು ಮಾಡುತ್ತಾರೆ ಎಂದರು. ಗೀರು, ಕಲೆ, ಬಿರುಕು, ತೂತು, ತುಕ್ಕು: ಈ ಐದು ಪದಗಳನ್ನು ಬಾಯಿಪಾಠ ಮಾಡಿಸಿದರು. ತುಲೂಸ್‌ನಲ್ಲಿ ಏಜೆನ್ಸಿಯ ಯುವಕ ಎಲ್ಲ ಕಡೆ ‘ಚೆನ್ನಾಗಿದೆ’ ಎಂದು ಗುರುತು ಹಾಕುತ್ತ ಹೋಗುತ್ತಿದ್ದಾಗ ಸ್ನಾನದ ಕೋಣೆಯ ಕಿಟಕಿಯ ಕೆಳಗಿನ ತೇವದ ಕಲೆಯನ್ನು ನಾನು ಬೆರಳಿಟ್ಟು ತೋರಿಸಿ ಬರೆಸಿದೆ. ಶುಲ್ಕದ ಅರ್ಧ ಅಲ್ಲೇ ವಸೂಲಾಯಿತು ಎಂದು ನನ್ನ ಲೆಕ್ಕ.

ಹೆಸರಿನ ಪಾಠಕ್ಕೆ ಪ್ರತ್ಯೇಕ ಅಂಕ ಕೊಡಬೇಕು. ನಮ್ಮಲ್ಲಿ ಹೆಸರಿನ ಹಿಂದೆ ಇನಿಷಿಯಲ್, ಒಂದು ಊರಿನದು, ಒಂದು ಅಪ್ಪನದು. ಪಾಸ್‌ಪೋರ್ಟಿನಲ್ಲಿ ಕೆಲವರಿಗೆ ಅಪ್ಪನ ಹೆಸರು ಸರ್‌ನೇಮ್ ಆಗಿದೆ, ಕೆಲವರಿಗೆ ಆ ಅಂಕಣವೇ ಖಾಲಿ. ಫ್ರೆಂಚ್ ಅರ್ಜಿಗಳಿಗೆ ಖಾಲಿ ಅಂಕಣ ಎಂದರೆ ಆಗದು. ಮೇಷ್ಟರು ಮೊದಲ ದಿನವೇ ಎಲ್ಲರ ಪಾಸ್‌ಪೋರ್ಟ್, ಜನನ ಪ್ರಮಾಣಪತ್ರ, ಮದುವೆಯ ಪ್ರಮಾಣಪತ್ರ ತರಿಸಿ ಮೂರನ್ನೂ ಅಕ್ಕಪಕ್ಕ ಇಟ್ಟು ಓದಿಸಿದರು. ಒಬ್ಬ ಹುಡುಗನ ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಜಾಗದಲ್ಲಿ ಏನೂ ಇರಲಿಲ್ಲ. ಹುಟ್ಟಿದಾಗ ನೋಂದಾಯಿಸಿ, ನಾಮಕರಣವಾದ ಮೇಲೆ ಹೆಸರು ಸೇರಿಸಲು ಯಾರೂ ಕಚೇರಿಗೆ ಹೋಗದ ಮನೆಗಳು ನಮ್ಮಲ್ಲಿ ಬೇಕಾದಷ್ಟು. ನನ್ನ ಹಳೆಯ ಪತ್ರದಲ್ಲಿ ಊರಿನ ಇಂಗ್ಲಿಷ್ ಹೆಸರು ಹಳೆಯ ಕಾಗುಣಿತದಲ್ಲಿ ‘ಟುಮ್ಕೂರ್’, ಹೊಸದರಲ್ಲಿ ‘ತುಮಕೂರು’. 2014ರ ನವೆಂಬರ್ 1ರಂದು ನಮ್ಮ ರಾಜ್ಯದ ಹನ್ನೆರಡು ಊರುಗಳ ಹೆಸರು ಬದಲಾದದ್ದು ಫ್ರಾನ್ಸಿನ ಗುಮಾಸ್ತೆಗೆ ಹೇಗೆ ಗೊತ್ತಾಗಬೇಕು? ಅವೆಲ್ಲ ಸರಿಪಡಿಸಿಕೊಂಡ ಮೇಲೆಯೇ ವಿದೇಶಾಂಗ ಸಚಿವಾಲಯದ ಅಪೊಸ್ಟೀಲ್ ಮುದ್ರೆ (ನಮ್ಮ ಕಾಗದ ಅಸಲಿ ಎಂದು ಹೊರದೇಶಕ್ಕೆ ದೃಢಪಡಿಸುವ ಮುದ್ರೆ), ಆಮೇಲೆ ಅಧಿಕೃತ ಅನುವಾದ. ಈ ಕ್ರಮ ತಪ್ಪಿದರೆ ದುಡ್ಡು ಎರಡು ಸಲ ಖರ್ಚು.

ತುಲೂಸ್‌ಗೆ ಬಂದ ಮೇಲೆ ಇದರ ಇನ್ನೊಂದು ಮುಖ ಕಂಡಿತು. ಫ್ರಾನ್ಸಿನ ಕಡತಗಳಲ್ಲಿ ಹೆಂಗಸಿಗೆ ಹುಟ್ಟಿನ ಹೆಸರೇ ಅಧಿಕೃತ, ಗಂಡನ ಹೆಸರು ಬೇಕಿದ್ದರೆ ಬಳಸಬಹುದು ಅಷ್ಟೇ. ಹಾಗಾಗಿ ನನಗೆ ಬರುವ ಪತ್ರಗಳು ನನ್ನ ಅಪ್ಪನ ಹೆಸರಿಗೆ, ಯಜಮಾನರಿಗೆ ಬರುವವು ನಮ್ಮ ಮಾವನವರ ಹೆಸರಿಗೆ. ಅಂಚೆಪೆಟ್ಟಿಗೆಯ ಮೇಲೆ ಹೆಸರು ಅಂಟಿಸದಿದ್ದರೆ ಪತ್ರ ಹಿಂದಕ್ಕೆ ಹೋಗುತ್ತದೆ ಎಂದು ಮೇಷ್ಟರು ಹೇಳಿದ್ದರಿಂದ ಎರಡೂ ಹೆಸರನ್ನು ಅಂಟಿಸಿದ್ದೇವೆ. ವಿಡಿಯೋ ಕರೆಯಲ್ಲಿ ಅದನ್ನು ಮಗ ಅಜ್ಜಿಗೆ ತೋರಿಸಿದ. ಗಂಡನ ಹೆಸರನ್ನು ಇಷ್ಟು ವರ್ಷ ಬಾಯಿಬಿಟ್ಟು ಹೇಳದ ನಮ್ಮತ್ತೆ, ಅಯ್ಯೋ ಬೀದಿಯಲ್ಲಿ ಹಾಕಿದ್ದೀರಲ್ಲೇ ಎಂದು ಸೆರಗು ಬಾಯಿಗಿಟ್ಟುಕೊಂಡರು.

ಅಂಕಿಗಳ ಪಾಠ ನನಗೆ ಹಬ್ಬ, ಉಳಿದವರಿಗೆ ಶಿಕ್ಷೆ. ಫ್ರಾನ್ಸಿನಲ್ಲಿ ಎಪ್ಪತ್ತನ್ನು ಅರವತ್ತು-ಹತ್ತು, ಎಂಬತ್ತನ್ನು ನಾಲ್ಕು-ಇಪ್ಪತ್ತು, ತೊಂಬತ್ತೈದನ್ನು ನಾಲ್ಕು-ಇಪ್ಪತ್ತು-ಹದಿನೈದು ಎಂದು ಹೇಳುತ್ತಾರೆ. ಫೋನ್ ನಂಬರಿನ ಹತ್ತು ಅಂಕಿಗಳನ್ನು ಎರಡೆರಡಾಗಿ, ಐದು ಜೋಡಿಯಾಗಿ ಒದರುತ್ತಾರೆ. ಅರವತ್ತು ಎಂದು ಕೇಳಿ 6 ಬರೆಯುವಷ್ಟರಲ್ಲಿ ಹಿಂದೆಯೇ ಹತ್ತು ಬಂದು ಅದು 7 ಆಗಿರುತ್ತದೆ. ಬೆಲ್ಜಿಯಂ ಮತ್ತು ಸ್ವಿಟ್ಜರ್ಲೆಂಡಿಗೆ ಹೋಗುವವರಿಗೆ ಎಪ್ಪತ್ತು, ತೊಂಬತ್ತಕ್ಕೆ ಒಂದೇ ಪದ ಇರುವುದರಿಂದ ಈ ಗೋಳು ಕಡಿಮೆ. ಹಣ ಬರೆಯುವಾಗ ನಾವು ಚುಕ್ಕಿ ಇಡುವಲ್ಲಿ ಅಲ್ಪವಿರಾಮ, ಅಲ್ಪವಿರಾಮ ಇಡುವಲ್ಲಿ ಬರಿಯ ಜಾಗ: 1 250,50. ಕೈಬರಹದ ಒಂದಕ್ಕೆ ಎಷ್ಟು ಉದ್ದದ ಮೂಗು ಇರುತ್ತದೆಂದರೆ ನಮ್ಮ ಕಣ್ಣಿಗೆ ಅದು ಏಳು. ಏಳಿಗೆ ಅವರು ನಡುವೆ ಅಡ್ಡಗೆರೆ ಎಳೆಯುತ್ತಾರೆ. ಬ್ಯಾಂಕಿನಲ್ಲಿ ಚೆಕ್ಕು ನೋಡಿ ಬೆಳೆದವಳಿಗೆ ಇದೆಲ್ಲ ಎಷ್ಟು ಮುಖ್ಯವೆಂದು ಹೇಳಬೇಕಿಲ್ಲ.

ಆರೋಗ್ಯ ವಿಮೆಯ ಪತ್ರದ ಮೇಲಿನ ಸಾಮಾಜಿಕ ಭದ್ರತಾ ಸಂಖ್ಯೆಯನ್ನು ಅವರು ಬಿಡಿಸಿ ತೋರಿಸಿದ ರೀತಿ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಹದಿನೈದು ಅಂಕಿ. ಮೊದಲನೆಯದು ಗಂಡಸಾದರೆ 1, ಹೆಂಗಸಾದರೆ 2. ಮುಂದಿನ ಎರಡು ಹುಟ್ಟಿದ ವರ್ಷ, ಅದರ ಮುಂದಿನ ಎರಡು ತಿಂಗಳು. ಹೊರದೇಶದಲ್ಲಿ ಹುಟ್ಟಿದವರಿಗೆ 99, ಆಮೇಲೆ ದೇಶದ ಸಂಖ್ಯೆ, ಭಾರತಕ್ಕೆ 223. ಕೊನೆಯ ಎರಡು ಅಂಕಿ ತಾಳೆ ನೋಡಲು. ಎಷ್ಟೋ ಅರ್ಜಿಗಳು ಅದನ್ನೇ ಕೇಳುತ್ತವೆ. ಗೊತ್ತಿದ್ದರೆ ಕಣ್ಣಾಡಿಸಿದ ಕೂಡಲೇ ಹುಟ್ಟಿದ ತಿಂಗಳು ತಪ್ಪಾಗಿದೆಯೇ ಎಂದು ಹಿಡಿಯಬಹುದು.

ಅವರು ಕಲಿಸುವುದು ಕನ್ನಡದ ಮೂಲಕ. ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರೆ ಕನ್ನಡದಲ್ಲಿ ಉತ್ತರ ಬರುತ್ತದೆ. ಇದು ಅಭಿಮಾನದ ಮಾತಲ್ಲ, ಅನುಕೂಲದ್ದು. ಹೋಗುತ್ತೇನೆ, ಹೋಗುತ್ತೀಯ, ಹೋಗುತ್ತಾರೆ ಎಂದು ಕ್ರಿಯಾಪದ ತಿರುಗಿಸುತ್ತಲೇ ಬೆಳೆದ ನಮಗೆ ಫ್ರೆಂಚಿನಲ್ಲೂ ಅದೇ ನಡೆಯುವುದು ಹೊಸದಲ್ಲ. ಹಿರಿಯರಿಗೆ, ಅಪರಿಚಿತರಿಗೆ ಬಹುವಚನ ಎಂಬುದೂ ಹೊಸದಲ್ಲ. ತೊಂದರೆ ಇರುವುದು ಮೇಜು ಹೆಣ್ಣು, ಪುಸ್ತಕ ಗಂಡು ಎನ್ನುವಲ್ಲಿ. ಅದಕ್ಕೆ ಅವರಲ್ಲಿಯೂ ಮದ್ದಿಲ್ಲ, ಬಾಯಿಪಾಠವೇ ಗತಿ.

ಇನ್ನು ಕೊರತೆಗಳು. ದೊಡ್ಡದು ಕಿವಿಯದು. ಮೇಷ್ಟರು ಬಿಡಿಸಿ ಬಿಡಿಸಿ, ನಿಧಾನವಾಗಿ ಮಾತನಾಡುತ್ತಾರೆ. ಫ್ರಾನ್ಸಿನಲ್ಲಿ ಯಾರೂ ಹಾಗೆ ಮಾತನಾಡುವುದಿಲ್ಲ. ಪದಕ್ಕೆ ಪದ ಅಂಟಿಸಿ, ಅರ್ಧ ನುಂಗಿ ಹೇಳುತ್ತಾರೆ, ಮೇಲಾಗಿ ತುಲೂಸ್ ಕಡೆಯವರ ರಾಗವೇ ಬೇರೆ. ಮಗನ ಶಾಲೆಯಿಂದ ಫೋನು ಬಂದಾಗ ನನಗೆ ಅರ್ಥವಾದದ್ದು ಅವನ ಹೆಸರು ಮಾತ್ರ. ಅದೇ ವಿಷಯ ಮರುದಿನ ಚೀಟಿಯಲ್ಲಿ ಬಂದಾಗ ಒಂದು ನಿಮಿಷದಲ್ಲಿ ಓದಿ ಮುಗಿಸಿದೆ. ಅಷ್ಟು ಅಂತರ! ರೇಡಿಯೋ ಕೇಳಿಸಿ ಎಂದು ನಾವೆಲ್ಲ ಕೇಳಿದ್ದೆವು. ಬಿ.ಎಚ್. ರಸ್ತೆಯ ಹಾರನ್ನಿನ ನಡುವೆ ಏನು ಕೇಳುತ್ತದೆ ಎಂದು ತಳ್ಳಿಹಾಕಿದರು. ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ಬಸ್ಸು. ಮಾತು ನಿಜ, ಆದರೆ ಅದು ಉತ್ತರವಲ್ಲ.

ಎರಡನೆಯದು, ಟ್ರಂಕಿಗೆ ವಯಸ್ಸಾಗಿದೆ. ಕೆಲವು ಬಿಲ್ಲುಗಳು ಇನ್ನೂ ಫ್ರಾನ್ಸಿನ ಹಳೆಯ ಹಣವಾದ ಫ್ರಾಂಕಿನಲ್ಲಿವೆ. ಯೂರೋ ನೋಟು ಕೈಗೆ ಬಂದದ್ದು 2002ರಲ್ಲಿ, ಅದಕ್ಕೂ ಹಿಂದಿನ ಕಾಗದಗಳವು. ಈಗ ವಾಸದ ಪರವಾನಗಿಯ ಬಹುತೇಕ ಕೆಲಸ ಸರ್ಕಾರದ ಜಾಲತಾಣದಲ್ಲಿ ನಡೆಯುತ್ತದೆ. ವಾಸದ ಪರವಾನಗಿಯಾಗಿಯೂ ನಡೆಯುವ ದೀರ್ಘಾವಧಿ ವೀಸಾದಲ್ಲಿ ಬಂದವರು ಅದನ್ನು ಬಂದ ಮೂರು ತಿಂಗಳೊಳಗೆ ಅಲ್ಲಿಯೇ ದೃಢೀಕರಿಸಿಕೊಳ್ಳಬೇಕಾಗುತ್ತದೆ. ವೈದ್ಯರ ಭೇಟಿಯ ಸಮಯ ಗೊತ್ತುಮಾಡಲು ದೊಕ್ತೊಲಿಬ್ ಎಂಬ ಆ್ಯಪ್. ತೆರಿಗೆ 2019ರಿಂದ ಸಂಬಳದಲ್ಲಿಯೇ ಮುರಿದು ಹೋಗುತ್ತದೆ, ಆದರೂ ವರ್ಷಕ್ಕೊಮ್ಮೆ ವಿವರ ಸಲ್ಲಿಸುವುದು ತಪ್ಪಿದ್ದಲ್ಲ. ಇವು ಯಾವುವೂ ಅವರ ಪಾಠದಲ್ಲಿಲ್ಲ. ತಾರೀಖು ಹುಡುಕುವ ಅಭ್ಯಾಸ ಪರದೆಯ ಮೇಲೂ ಕೆಲಸಕ್ಕೆ ಬಂತು, ಅದು ನಿಜ. ಆದರೆ ಹೊಸ ಪತ್ರಗಳನ್ನು ಕಳಿಸಿಕೊಡಿ ಎಂದು ಹೊರಟುಹೋದ ವಿದ್ಯಾರ್ಥಿಗಳನ್ನು ಕೇಳಲು ಅವರಿಗೆ ಬಿಗುಮಾನ. ನಾನು ಕೇಳದೆಯೇ ನಾಲ್ಕೈದು ಕಳಿಸಿದ್ದೇನೆ. ಉತ್ತರ ಬಂದಿಲ್ಲ.

ಮೂರನೆಯದು, ರಸೀದಿ ಕೊಡುವುದಿಲ್ಲ. ಊರಿಗೆಲ್ಲ ರಿಜಿಸ್ಟರ್ ಅಂಚೆ, ಸ್ವೀಕೃತಿ, ಸಹಿ ಎಂದು ಪಾಠ ಹೇಳುವ ಮನುಷ್ಯ ಹನ್ನೆರಡು ಸಾವಿರ ರೂಪಾಯಿ ತೆಗೆದುಕೊಂಡು ನೋಟುಬುಕ್ಕಿನಲ್ಲಿ ಟಿಕ್ ಹಾಕುತ್ತಾರೆ. ಈ ವಿಷಯಕ್ಕೆ ಜಗಳವಾಡಿ ಬಿಳಿ ಹಾಳೆಯ ಮೇಲೆ ಬರೆಸಿಕೊಂಡವಳು ನಮ್ಮ ಬ್ಯಾಚಿನಲ್ಲಿ ನಾನೊಬ್ಬಳೇ.

ಪರೀಕ್ಷೆಗಾಗಿ ಹೋಗುವವರು ಬೇರೆ ಕಡೆ ನೋಡಿಕೊಳ್ಳುವುದು ಒಳ್ಳೆಯದು. ಫ್ರೆಂಚ್ ಭಾಷೆಯ ಮಟ್ಟ ಅಳೆಯುವ ಡೆಲ್ಫ್ ಪರೀಕ್ಷೆಯಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು, ಪ್ರತಿಯೊಂದಕ್ಕೂ 25 ಅಂಕ. ಒಟ್ಟು 50 ಬಂದರೆ ಪಾಸು, ಆದರೆ ಯಾವ ಭಾಗದಲ್ಲೂ 5ಕ್ಕಿಂತ ಕಡಿಮೆ ಬರಬಾರದು. ಮೇಷ್ಟರ ವಿದ್ಯಾರ್ಥಿಗಳು ಓದು, ಬರಹದಲ್ಲಿ ಬಾಚಿಕೊಂಡು ಕೇಳುವುದರಲ್ಲಿ ಸೊರಗುತ್ತಾರೆ. ಫ್ರಾನ್ಸ್ 2026ರ ಜನವರಿಯಿಂದ ನಿಯಮ ಬಿಗಿ ಮಾಡಿದೆ. ಹತ್ತು ವರ್ಷದ ನಿವಾಸಿ ಕಾರ್ಡಿಗೆ ಭಾಷೆಯಲ್ಲಿ ಬಿ1 ಎಂಬ ನಡುಮಟ್ಟ, ಪೌರತ್ವಕ್ಕೆ ಅದರ ಮೇಲಿನ ಬಿ2 ಮಟ್ಟ ಬೇಕು. ಅಲ್ಲಿಯೇ ನೆಲೆಯೂರುವ ಯೋಚನೆ ಇದ್ದವರು ಇದನ್ನು ಈಗಲೇ ತಲೆಯಲ್ಲಿಟ್ಟುಕೊಳ್ಳಬೇಕು. ಕೆನಡಾಕ್ಕೆ ಹೋಗಲು ಫ್ರೆಂಚಿನಿಂದ ವಲಸೆ ಅರ್ಜಿಯ ಅಂಕ ಹೆಚ್ಚಿಸಿಕೊಳ್ಳಬೇಕೆನ್ನುವ ಹುಡುಗರೂ ಬರುತ್ತಾರೆ, ಅವರಿಗೆ ಬೇಕಾದದ್ದು ಟೆಫ್ ಕೆನಡಾ ಅಥವಾ ಟಿಸಿಎಫ್ ಕೆನಡಾ ಎಂಬ ಪರೀಕ್ಷೆ. ಅಂಥವರನ್ನು ಮೇಷ್ಟರು ಮೆಟ್ಟಿಲ ಬಳಿಯೇ ವಾಪಸು ಕಳಿಸುತ್ತಾರೆ, ಸ್ವಲ್ಪ ಒರಟಾಗಿಯೇ. ಅವರ ಸಮಯ, ದುಡ್ಡು ಉಳಿಯಿತು ಎಂದು ನಾನು ಇದನ್ನು ಗುಣದ ಕಡೆಗೇ ಹಾಕುತ್ತೇನೆ.

ಸಸ್ಯಾಹಾರಿ ಮನೆಗಳವರು ಕೇಳುವ ಪ್ರಶ್ನೆಗೂ ಟ್ರಂಕಿನಲ್ಲಿ ಉತ್ತರವಿಲ್ಲ, ನಾನು ಹೇಳುತ್ತೇನೆ. ಅಲ್ಲಿನ ಶಾಲಾ ಭೋಜನಶಾಲೆಗಳಲ್ಲಿ ವಾರಕ್ಕೊಮ್ಮೆಯಾದರೂ ಸಸ್ಯಾಹಾರದ ಊಟ ಕೊಡಬೇಕೆಂಬ ಕಾನೂನಿದೆ. ಉಳಿದ ದಿನಗಳದ್ದು ಊರಿಂದೂರಿಗೆ ಬೇರೆ. ಸೇರಿಸುವಾಗಲೇ ಪುರಸಭೆಯಲ್ಲಿ ಬರವಣಿಗೆಯಲ್ಲಿ ಕೇಳಿ, ಬರವಣಿಗೆಯಲ್ಲೇ ಉತ್ತರ ತೆಗೆದುಕೊಳ್ಳಿ. ‘ಮಾಂಸವಿಲ್ಲ’ ಎಂದರೆ ಮೀನು ಬಡಿಸುವವರಿದ್ದಾರೆ, ಎರಡನ್ನೂ ಹೆಸರಿಸಿ ಬರೆಯಿರಿ.

ಐದಕ್ಕೆ ನಾಲ್ಕು ನಕ್ಷತ್ರ. ಉಳಿದ ಒಂದರಲ್ಲಿ ಅರ್ಧ ಕಿವಿಗೆ, ಅರ್ಧ ರಸೀದಿಗೆ. ಹೋಗುವವರು ಹೊರಡುವುದಕ್ಕೆ ಆರು ತಿಂಗಳು ಮೊದಲೇ ಸೇರಿಕೊಳ್ಳಿ, ಏಕೆಂದರೆ ಜನನ ಪ್ರಮಾಣಪತ್ರದ ತಿದ್ದುಪಡಿಗೆ ಹಿಡಿಯುವ ಕಾಲ ಭಾಷೆ ಕಲಿಯಲು ಹಿಡಿಯುವ ಕಾಲಕ್ಕಿಂತ ಕಡಿಮೆಯೇನಲ್ಲ. ಜೊತೆಗೆ ಮನೆಯಲ್ಲಿ ದಿನವೂ ಫ್ರೆಂಚ್ ರೇಡಿಯೋ ಹಾಕಿಕೊಳ್ಳಿ, ಅರ್ಥವಾಗದಿದ್ದರೂ ಸರಿ. ಸಂಜೆಯ ಬ್ಯಾಚಿಗಿಂತ ಬೆಳಗಿನ ಏಳರದು ವಾಸಿ, ಆಗ ರಸ್ತೆಯ ಗದ್ದಲ ಕಡಿಮೆ, ಮೇಷ್ಟರ ಕೋಪವೂ ಕಡಿಮೆ. ಕೆಳಗಿನ ಅಂಗಡಿ ಎಂಟರ ಮೇಲೆ ತೆರೆಯುವುದರಿಂದ ಆ ದಿನದ ಪತ್ರದ ಪ್ರತಿಯನ್ನು ಹಿಂದಿನ ಸಂಜೆಯೇ ತೆಗೆದುಕೊಂಡಿರಬೇಕು.